ಕಾಗದ ಬರೆಯದವಳ ಕಾದಂಬರಿ

ಹಳೆಯ ಕಾಗದಗಳ ಕಟ್ಟೊಂದು ಕೈಗೆ ಸಿಕ್ಕರೆ ಜೀವನಾಧಾರಿತ ಕಾದಂಬರಿ ಅರ್ಧ ಬರೆದಂತೆಯೇ ಎಂಬ ಮಾತು ಈಚೆಗೆ ನಮ್ಮ ಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ದುಬೈಯ ನೈಫಿನ ಕೋಣೆಗಳಲ್ಲಿ ಮೂವತ್ತು ವರ್ಷ ಇಂಥ ಕಾದಂಬರಿಗಳನ್ನೇ ಓದಿಕೊಂಡು ಬಂದ ನನಗೆ ಅದು ಒಪ್ಪಿಗೆಯಿಲ್ಲ. ಕಾಗದ ಮುಚ್ಚಿಟ್ಟ ಕಡೆಯಲ್ಲೇ ಕಾದಂಬರಿಕಾರನಿಗೆ ಕೆಲಸ.

ಗಳಗನಾಥ, ಕೆರೂರು ವಾಸುದೇವಾಚಾರ್ಯರು ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟರು. ಇತಿಹಾಸವೆಂದರೆ ಅವರಿಗೆ ಹೆಚ್ಚಾಗಿ ಅರಮನೆ, ಪರಾಕ್ರಮ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಅರಸನನ್ನು ಹೆಂಡತಿ, ತಂಗಿ, ಮಗಳ ನಡುವೆ ನಿಲ್ಲಿಸಿತು. ಆ ಅರಸನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. 1864ರಲ್ಲಿ ಅವಳು ತೀರಿಕೊಂಡಳು. ಅವಳ ಕುರಿತು ರಾಣಿ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮಡಿಕೇರಿಯನ್ನು ನೆನೆದು ಆ ಹುಡುಗಿ ಒಳಗೊಳಗೇ ಏನೆಂದುಕೊಂಡಳೋ ಅದು ದಿನಚರಿಗೆ ನಿಲುಕದು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ದೊಡ್ಡ ಕೃತಿ, ಆದರೆ ಅದೂ ಕೋಟೆಯ ಕಥೆ.

ನನ್ನ ತಲೆಮಾರಿನ ಕಣ್ಣು ತೆರೆಸಿದ್ದು 1992ರಲ್ಲಿ ಬಂದ ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’. ಅದನ್ನು ಕಾದಂಬರಿಯೆಂದು ಕರೆಯಲು ಹಿಂಜರಿಯುವವರಿದ್ದಾರೆ. ನನಗೆ ಆ ಹಿಂಜರಿಕೆಯಿಲ್ಲ. ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದ ಕಾಗದಗಳನ್ನು ಗೊಯ್ಟೈನ್ ಎಂಬ ವಿದ್ವಾಂಸ ಬದುಕಿಡೀ ಓದಿದರು. ಘೋಷ್ ಕಥೆ ಹೆಣೆದದ್ದು ಆ ಕಾಗದಗಳಿಂದ: ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಲ್ಲಿ ಕಂಚಿನ ಕಾರ್ಖಾನೆ ನಡೆಸಿದ. ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್ನಿಗೆ ಹೋದವು, ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬಂದವು. ಅವನ ತುಳುನಾಡಿನ ಆಳಿನ ಹೆಸರು ಕಾಗದದಲ್ಲಿ ಮೂರೇ ಅಕ್ಷರ: ಬ, ಮ, ಅ. ಅದು ಬೊಮ್ಮ ಎಂದು ಬಿಡಿಸಿಕೊಟ್ಟವರು ನಮ್ಮ ಬಿ.ಎ. ವಿವೇಕ ರೈ. ಏಡನ್ನಿನಲ್ಲಿ ಕುಡಿದು ಗಲಾಟೆ ಮಾಡಿದ ಬೊಮ್ಮನಿಗೇ ಮುಂದೆ ವ್ಯಾಪಾರಿಗಳು ಮರ್ಯಾದೆಯಿಂದ ಸಲಾಮು ಬರೆಯುತ್ತಾರೆ. ಮೂರು ಅಕ್ಷರದಿಂದ ಒಬ್ಬ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವುದೆಂದರೆ ಇದು.

ಆದರೆ ಅಶು? 1132ರ ಅಕ್ಟೋಬರ್ 17ರಂದು ಬೆನ್ ಯಿಜು ಅವಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಏಡನ್ನಿನ ಗೆಳೆಯರ ಕಾಗದಗಳಲ್ಲಿ ಮಕ್ಕಳ ಮಾತು ಬರುತ್ತದೆ, ಅವಳ ಹೆಸರು ಬರುವುದಿಲ್ಲ. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹಡಗು ಹತ್ತಿದಾಗ ಅವಳು ದಕ್ಕೆಯಲ್ಲಿ ನಿಂತಿದ್ದಳೇ?

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಸಾಮಾನ್ಯರನ್ನು ಸಮುದ್ರ ದಾಟಿಸಿತು. ಬೆನ್ಯಾಮಿನ್‌ರ ಮಲಯಾಳಂ ‘ಆಡುಜೀವಿತಂ’ (2008) ಮರಳುಗಾಡಿನಲ್ಲಿ ಸಿಕ್ಕಿಬಿದ್ದವನೊಬ್ಬ ಬಾಯಿಬಿಟ್ಟು ಹೇಳಿದ್ದರಿಂದ ಹುಟ್ಟಿತು. ಹೇಳಲು ಯಾರೂ ಕರೆಯದ ಹೆಂಗಸಿನ ಕಡೆಗೆ ಕನ್ನಡ ಇನ್ನೂ ಹೋಗಬೇಕಿದೆ.

ಇದು ಬರೀ ಹಳೆಯ ಕಾಲದ ಮಾತಲ್ಲ. ಫೋನು ದುಬಾರಿಯಾಗಿದ್ದ ದಿನಗಳಲ್ಲಿ ನಾವು ದುಬೈಯಿಂದ ಬರೆದ ಕಾಗದ, ತುಂಬಿಸಿ ಕಳಿಸಿದ ಕ್ಯಾಸೆಟ್ಟು ಉಡುಪಿ, ಕಾಸರಗೋಡಿನ ಕಪಾಟುಗಳಲ್ಲಿ ಸೀರೆಯಡಿ ಭದ್ರವಾಗಿವೆ. ಊರಿನ ಹೆಂಗಸರು ನಮಗೆ ಬರೆದದ್ದು? ಕಂಪೆನಿಯ ಪೋಸ್ಟ್ ಬಾಕ್ಸಿಗೆ ಬಂದು, ಬೆಡ್‌ಸ್ಪೇಸಿನ ತಲೆದಿಂಬಿನಡಿ ನಾಲ್ಕು ದಿನ ಇದ್ದು, ರೂಮು ಬದಲಿಸುವಾಗ ಕಸದ ಚೀಲ ಸೇರಿತು. ನಾನೂ ಹಾಗೆ ಎಸೆದವನೇ. ಈ ಸಲ ರಜೆಗೆ ಹೋದಾಗ ಹೆಂಡತಿಯ ಪಕ್ಕ ಕೂತು ಕೇಳಿದೆ: ಆಗ ಏನು ಬರೆದಿದ್ದೆ? ಅವಳಿಗೆ ಒಂದೊಂದು ಸಾಲೂ ನೆನಪಿತ್ತು.