ಪೆಂಫಿಗಸ್ ವಲ್ಗ್ಯಾರಿಸ್: ಬಾಯಲ್ಲಿ ಮೊದಲಾಗುವ ಗುಳ್ಳೆರೋಗದ ಚರಿತ್ರೆ

ಪೆಂಫಿಗಸ್ ವಲ್ಗ್ಯಾರಿಸ್ ಎಂದರೆ ರೋಗನಿರೋಧಕ ವ್ಯವಸ್ಥೆ ದೇಹದ್ದೇ ಜೀವಕೋಶಗಳ ಮೇಲೆ ಎರಗುವುದರಿಂದ ಚರ್ಮದಲ್ಲೂ ಬಾಯಿಯ ಲೋಳೆಪೊರೆಯಲ್ಲೂ ನೀರುಗುಳ್ಳೆ ಏಳುವ ಆಟೋಇಮ್ಯೂನ್ ಕಾಯಿಲೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಇದು ಬಾಯಲ್ಲೇ ಮೊದಲು ಕಾಣಿಸಿಕೊಂಡು ತಿಂಗಳುಗಳ ಮೇಲೆ ಮೈಗೆ ಹರಡುತ್ತದೆ. ಕೆಲವರಲ್ಲಿ ಬಾಯಿ ಬಿಟ್ಟು ಆಚೆ ಹೋಗುವುದೇ ಇಲ್ಲ. ಹೀಗಿದ್ದೂ ಇದರ ಚರಿತ್ರೆಯನ್ನು ಬಹುಪಾಲು ಬರೆದವರು ಚರ್ಮವೈದ್ಯರು. ಬಾಯಿಯೇ ಏಕೆ ಮೊದಲು ಎಂಬುದಕ್ಕೆ ಸಮಾಧಾನ ಸಿಗಲು ಇನ್ನೂರು ವರ್ಷ ಹಿಡಿಯಿತು.

ಗುಳ್ಳೆ ಏಳುವ ನಾನಾ ಜ್ವರಗಳನ್ನು ಹದಿನೆಂಟನೆಯ ಶತಮಾನದ ಯುರೋಪು ಪೆಂಫಿಗಸ್ ಎಂದೇ ಕರೆಯುತ್ತಿತ್ತು. ಹ್ಯಾನೋವರಿನ ವೈದ್ಯ ಯೋಹಾನ್ ಅರ್ನ್ಸ್ಟ್ ವಿಶ್ಮನ್ 1791ರಲ್ಲಿ ಆ ಹೆಸರನ್ನು ಜ್ವರವಿಲ್ಲದೆ ದೀರ್ಘಕಾಲ ಕಾಡುವ ಕಾಯಿಲೆಗೆ ಮೀಸಲಿಟ್ಟ. ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಮೇಲ್ಪದರ ಜಾರಿ ಸುಲಿದುಬರುವುದನ್ನು ಕೀವ್ ನಗರದ ಪ್ಯೋತ್ರ್ ನಿಕೋಲ್ಸ್ಕಿ 1896ರಲ್ಲಿ ವಿವರಿಸಿದ. ಯಂತ್ರವೂ ಖರ್ಚೂ ಬೇಡದ ಆ ಪರೀಕ್ಷೆ ಇವತ್ತಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ. ಮೇಲ್ಚರ್ಮದ ಜೀವಕೋಶಗಳು ಒಂದನ್ನೊಂದು ಬಿಟ್ಟು ಬಿಡಿಬಿಡಿಯಾಗುವುದೇ ಈ ರೋಗದ ಗುರುತೆಂದು ಫ್ರಾನ್ಸಿನ ಅಶಿಲ್ ಸಿವಾಟ್ 1943ರಲ್ಲಿ ತೋರಿಸಿದ. ನೋಡಲು ಇದರಂತೆಯೇ ಇರುವ, ಆದರೆ ಮೇಲ್ಚರ್ಮದ ಅಡಿಯಿಂದಲೇ ಗುಳ್ಳೆ ಏಳುವ ಪೆಂಫಿಗಾಯ್ಡನ್ನು 1953ರಲ್ಲಿ ವಾಲ್ಟರ್ ಲೀವರ್ ಬೇರ್ಪಡಿಸಿದ.

ಕಾರಣ ಸಿಕ್ಕಿದ್ದು 1964ರಲ್ಲಿ, ಅಮೆರಿಕದ ಬಫಲೋದಲ್ಲಿ. ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜಾರ್ಡನ್ ರೋಗಿಗಳ ರಕ್ತದಲ್ಲಿ ಮೇಲ್ಚರ್ಮದ ಜೀವಕೋಶಗಳ ನಡುವೆ ಹೋಗಿ ಕೂರುವ ಪ್ರತಿಕಾಯಗಳನ್ನು ಕಂಡರು. ಈ ಪ್ರತಿಕಾಯಗಳು ರೋಗದ ಕಾರಣವೋ ಬರೀ ಪರಿಣಾಮವೋ ಎಂಬ ವಾದ ಮುಗಿದದ್ದು 1982ರಲ್ಲಿ: ರೋಗಿಗಳಿಂದ ತೆಗೆದ ಪ್ರತಿಕಾಯವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಮೈಯಲ್ಲೂ ಗುಳ್ಳೆ ಎದ್ದವು. 1991ರಲ್ಲಿ ಮಸಾಯುಕಿ ಅಮಗಾಯ್, ಜಾನ್ ಸ್ಟ್ಯಾನ್ಲಿ ಮತ್ತು ಸಂಗಡಿಗರು ಆ ಪ್ರತಿಕಾಯದ ಗುರಿಯನ್ನು ಗುರುತಿಸಿದರು. ಇಂದು ಡೆಸ್ಮೋಗ್ಲೀನ್ 3 ಎನ್ನುವ ಈ ಪ್ರೊಟೀನು ಜೀವಕೋಶಗಳನ್ನು ಹಿಡಿದಿಡುವ ಅಂಟು.

ಬಾಯಿಯ ಒಗಟು ಬಿಡಿಸಿಕೊಂಡದ್ದು ಇಲ್ಲಿಂದ. ಚರ್ಮದಲ್ಲಿ ಅದೇ ಬಗೆಯ ಅಂಟಾದ ಡೆಸ್ಮೋಗ್ಲೀನ್ 1 ಧಾರಾಳವಾಗಿದೆ; 3 ಕೈಕೊಟ್ಟರೆ ಅದು ಭಾರ ಹೊರುತ್ತದೆ. ಬಾಯಿಯ ಲೋಳೆಪೊರೆಯಲ್ಲಿ 1ರ ಪ್ರಮಾಣ ತೀರಾ ಕಡಿಮೆ, ಎಲ್ಲವೂ 3ರ ಮೇಲೆಯೇ ನಿಂತಿದೆ. ಹಾಗಾಗಿ ದಾಳಿ 3ರ ಮೇಲಷ್ಟೇ ಆದರೆ ಬಾಯಿ ಹುಣ್ಣಾಗುತ್ತದೆ, ಮೈ ಉಳಿಯುತ್ತದೆ. ಎರಡರ ಮೇಲೂ ಆದರೆ ಮೈಯಲ್ಲೂ ಗುಳ್ಳೆ ಏಳುತ್ತದೆ. ಈ ರೋಗದ ಚರಿತ್ರೆಯಲ್ಲಿ ಇಷ್ಟು ಅಚ್ಚುಕಟ್ಟಾದ ವಿವರಣೆ ಬೇರೊಂದಿಲ್ಲ.

ಬಾಯಲ್ಲಿ ಗುಳ್ಳೆ ಗುಳ್ಳೆಯಾಗಿ ಉಳಿಯುವುದು ಅಪರೂಪ. ಮೇಲ್ಪೊರೆ ತೆಳು, ಎರಡು ತುತ್ತು ಅಗಿಯುವಷ್ಟರಲ್ಲಿ ಒಡೆದು ಅಂಚು ಹರಿದ ಹಸಿ ಹುಣ್ಣಾಗುತ್ತದೆ. ವೈದ್ಯರ ಕಣ್ಣಿಗೆ ಬೀಳುವುದು ಆ ಹುಣ್ಣೇ. ನಮ್ಮಲ್ಲಿ ಬಾಯಿಹುಣ್ಣೆಂದರೆ ಮೊದಲು ಉಷ್ಣ ಎನ್ನುತ್ತಾರೆ. ತಂಬುಳಿ, ತುಪ್ಪ, ಬಿ-ಕಾಂಪ್ಲೆಕ್ಸ್ ಮಾತ್ರೆ, ಆಮೇಲೆ ಹಲ್ಲಿನ ಡಾಕ್ಟರು. ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ಮಾಯುತ್ತದೆ, ಇದು ಮಾಯುವುದಿಲ್ಲ. ಖಚಿತವಾಗಲು ಹುಣ್ಣಿನ ಅಂಚಿನಿಂದ ಒಂದು, ಪಕ್ಕದ ಹುಣ್ಣಾಗದ ಪೊರೆಯಿಂದ ಇನ್ನೊಂದು ಚೂರು ತೆಗೆಯುತ್ತಾರೆ. ಮೊದಲನೆಯದು ಫಾರ್ಮಲಿನ್‌ಗೆ, ಎರಡನೆಯದು ಮಿಶೆಲ್ ದ್ರಾವಣಕ್ಕೆ. ಎರಡನೆಯದನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ಕಾಣಬೇಕಾದ ಮೀನುಬಲೆಯಂಥ ಹೊಳಪು ಸಿಗುವುದಿಲ್ಲ, ರೋಗಿ ಮತ್ತೊಮ್ಮೆ ಕತ್ತರಿಗೆ ಬಾಯೊಡ್ಡಬೇಕು.

ಸ್ಟಿರಾಯ್ಡ್ ಬರುವ ಮುನ್ನ ಹೆಚ್ಚಿನವರು ನೀರಿನಂಶ ನಷ್ಟ ಮತ್ತು ಸೋಂಕಿನಿಂದ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. 1950ರ ದಶಕದಲ್ಲಿ ಕಾರ್ಟಿಸೋನ್ ಅವರನ್ನು ಉಳಿಸಿತು, ಆದರೆ ಸಕ್ಕರೆ ಕಾಯಿಲೆ, ಟೊಳ್ಳು ಮೂಳೆ, ಸೋಂಕುಗಳನ್ನು ಜತೆಗೆ ತಂದಿತು. ದಿಲ್ಲಿಯ ಏಮ್ಸ್‌ನಲ್ಲಿ ಜೆ.ಎಸ್. ಪಸ್ರೀಚಾ ಮತ್ತು ರಾಮ್‌ಜಿ ಗುಪ್ತಾ 1984ರಲ್ಲಿ ಬೇರೆ ದಾರಿ ಹಿಡಿದರು: ಸತತ ಮೂರು ದಿನ ದಿನಕ್ಕೆ 100 ಮಿಲಿಗ್ರಾಂ ಡೆಕ್ಸಾಮೆಥಸೋನ್ ಡ್ರಿಪ್, ಅದರಲ್ಲೊಂದು ದಿನ 500 ಮಿಲಿಗ್ರಾಂ ಸೈಕ್ಲೊಫಾಸ್ಫಮೈಡ್, 28 ದಿನಕ್ಕೊಮ್ಮೆ ಇದೇ ಸುತ್ತು. ನಿಯಂತ್ರಿತ ಪ್ರಯೋಗಗಳ ಬಲ ಸಾಲದೆಂಬ ಟೀಕೆ ನ್ಯಾಯವೇ. ಆದರೆ ದುಬಾರಿ ಔಷಧಿಗೆ ಕೈ ಎಟುಕದ ದೇಶದಲ್ಲಿ ಈ ಪಲ್ಸ್ ಚಿಕಿತ್ಸೆ ಬಹಳ ಜನರನ್ನು ಬದುಕಿಸಿತು ಎಂಬುದನ್ನೂ ಹೇಳಲೇಬೇಕು.

ಪ್ರತಿಕಾಯ ತಯಾರಿಕೆಯ ಮೂಲವಾದ ಬಿ-ಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್ ಮುಂದಿನ ಹೆಜ್ಜೆ. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಎರಡು ವರ್ಷದ ಹೊತ್ತಿಗೆ ಅದನ್ನು ಪಡೆದವರಲ್ಲಿ ಶೇ. 89 ಮಂದಿ ಔಷಧವಿಲ್ಲದೆ ಪೂರ್ತಿ ಗುಣದಲ್ಲಿದ್ದರು. ಬರೀ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 34. ಮರುವರ್ಷ ಅಮೆರಿಕ ಈ ರೋಗಕ್ಕೆ ಅದನ್ನು ಬಳಸಲು ಅನುಮತಿ ಕೊಟ್ಟಿತು. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಆ ಔಷಧದ ದೇಶೀ ರೂಪವನ್ನು ಮಾರುಕಟ್ಟೆಗೆ ತಂದಿತ್ತು.

ದಿನದ ಬದುಕಿನಲ್ಲಿ ಕಷ್ಟವೆಲ್ಲ ತಟ್ಟೆಯ ಮುಂದೆ. ಖಾರ, ಹುಣಸೆಹುಳಿ, ಬಿಸಿ ಕಾಫಿ ಉರಿಸುತ್ತವೆ. ಚಕ್ಕುಲಿ, ಖಡಕ್ ರೊಟ್ಟಿ ಗೀರುತ್ತವೆ. ಗಂಜಿ, ಮಜ್ಜಿಗೆ ಅನ್ನ, ಆರಿದ ರಾಗಿ ಅಂಬಲಿಯಲ್ಲಿ ದಿನ ದೂಡುವವರಿದ್ದಾರೆ. ನೋವಿಗೆ ಹೆದರಿ ಹಲ್ಲುಜ್ಜುವುದನ್ನು ಬಿಟ್ಟರೆ ಪಾಚಿ ಕಟ್ಟಿ ಒಸಡು ಇನ್ನಷ್ಟು ಹದಗೆಡುತ್ತದೆ. ಮೆತ್ತನೆಯ ಬ್ರಷ್, ಉರಿಯದ ಪೇಸ್ಟ್ ಬೇಕು. ಸ್ಟಿರಾಯ್ಡ್ ಹಚ್ಚುವವರ ಬಾಯಲ್ಲಿ ಬಿಳಿಯ ಶಿಲೀಂಧ್ರ ಬೆಳೆಯುವುದೂ ಉಂಟು, ಅದಕ್ಕೆ ಬೇರೆಯದೇ ಮದ್ದು. ಮೈ ಪೂರ್ತಿ ವಾಸಿಯಾದ ಮೇಲೂ ಬಾಯಿಯ ಹುಣ್ಣು ಹಟ ಹಿಡಿದು ಉಳಿಯುವುದರಿಂದ, ಚರ್ಮವೈದ್ಯರ ಜತೆಗೆ ದಂತವೈದ್ಯರ ಬಳಿಯೂ ಓಡಾಟ ಮುಂದುವರಿಯುತ್ತದೆ.