ಹೊಲಿದ ಹಡಗು

ಹಲಗೆಗಳ ಅಂಚಿಗೆ ಅಂಚು ಕೂಡಿಸಿ, ಮೊಳೆ ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು ಅಥವಾ ದೋಣಿ. ಅರಬ್ಬೀ ಸಮುದ್ರದ ದಡಗಳಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಪದ್ಧತಿ. ಕರ್ನಾಟಕ ಕರಾವಳಿಯಲ್ಲಿ, ದಡಕ್ಕೆ ಎಳೆಯುವ ದೊಡ್ಡ ಮೀನುಬಲೆಯಾದ ರಾಂಪಣಿಯನ್ನು ಒಯ್ಯುವ ದೊಡ್ಡ ದೋಣಿಗಳನ್ನು ಹೀಗೆ ಹೊಲಿಯುತ್ತಿದ್ದರು.

ಜೋಡಣೆ

ಮೊದಲು ಅಡಿಮರ, ಅದರಿಂದ ಮೇಲಕ್ಕೆ ಹಲಗೆಯ ಹೊರಮೈ. ಒಳಗಿನ ಪಕ್ಕೆಮರಗಳು ಸಾಮಾನ್ಯವಾಗಿ ಆಮೇಲೆ. ಹೊಲಿಗೆಗೆ ಮುಂಚೆ ಅಂಚುಗಳನ್ನು ಒಂದಕ್ಕೊಂದು ಕೂಡುವಂತೆ ಕೆತ್ತಬೇಕು. ಕೆಲಸದ ಅರ್ಧ ಕೌಶಲ ಇಲ್ಲಿದೆ. ಅಂಚು ಕೂಡದಿದ್ದರೆ ಎಷ್ಟು ಬಿಗಿದರೂ ನೀರು ಒಸರುತ್ತದೆ. ಬಳಿಕ ಎರಡೂ ಹಲಗೆಗಳಲ್ಲಿ ಅಂಚಿನುದ್ದಕ್ಕೆ ಎದುರುಬದುರಾಗಿ ತೂತು ಕೊರೆಯುತ್ತಾರೆ. ಸಂದಿಯ ಮೇಲೆ ನಾರಿನ ದಪ್ಪ ಮೆತ್ತೆಯಿಟ್ಟು, ಒಬ್ಬ ಒಳಗೆ, ಇನ್ನೊಬ್ಬ ಹೊರಗೆ ನಿಂತು ಹುರಿ ತೂರಿಸಿ ಎಳೆಯುತ್ತಾರೆ. ಬಿಗಿ ಸಡಿಲವಾಗದಂತೆ ತೂತಿಗೆ ಬೆಣೆ ತುರುಕಿ ಮುಂದಿನದಕ್ಕೆ ಹೋಗುತ್ತಾರೆ. ಕೊನೆಗೆ ತೂತುಗಳನ್ನು ನಾರು, ರಾಳಗಳಿಂದ ಮುಚ್ಚಿ, ಮರಕ್ಕೆ ಮೀನೆಣ್ಣೆ ಬಳಿಯುವುದುಂಟು. ನೀರಿಗಿಳಿದ ಮೇಲೆ ಹಲಗೆಯೂ ನಾರೂ ಉಬ್ಬಿ ಸಂದಿ ಕಚ್ಚಿಕೊಳ್ಳುತ್ತದೆ. ಹುರಿ ಹಳತಾದಾಗ ಬಿಚ್ಚಿ, ಅದೇ ಹಲಗೆಗಳನ್ನು ಮತ್ತೆ ಹೊಲಿಯಬಹುದು.

ಮೆಡಿಟರೇನಿಯನ್ನಿನ ಹಾದಿ ಬೇರೆ. ಟರ್ಕಿಯ ಕರಾವಳಿಯಲ್ಲಿ ಮುಳುಗಿದ ಕ್ರಿ.ಪೂ. 14ನೇ ಶತಮಾನದ ಉಲುಬುರುನ್ ಹಡಗಿನಲ್ಲಿ ಅಂಚುಗಳಿಗೆ ಕುಳಿ ಕೊರೆದು, ನಡುವೆ ಮರದ ಪಟ್ಟಿ ಸೇರಿಸಿ, ಗೂಟ ಹೊಡೆದಿದ್ದಾರೆ.

ಮೊಳೆ ಏಕಿಲ್ಲ

ಭೋಜರಾಜನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಯುಕ್ತಿಕಲ್ಪತರು’ ಸಮುದ್ರದ ಅಯಸ್ಕಾಂತ ಶಿಲೆಗಳು ಕಬ್ಬಿಣವನ್ನು ಸೆಳೆಯುತ್ತವೆಂದು ಎಚ್ಚರಿಸುತ್ತದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಕೊಡುವ ಕಾರಣ ಹೆಚ್ಚು ನಂಬತಕ್ಕದ್ದು: ಬಂಡೆಗೆ ಬಡಿದಾಗ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ತಾಳುತ್ತದೆ. ಅಲೆ ಬಡಿಯುವ ಮರಳ ದಡಕ್ಕೆ ದಿನವೂ ಎಳೆದು ತರುವ ದೋಣಿಗೂ ಈ ಬಳುಕು ಬೇಕು. ಹೊಲಿಗೆಯನ್ನು ಕಬ್ಬಿಣದ ಕೊರತೆಯ ಫಲವೆಂದು ಬಗೆಯುವುದು ಸರಿಯಲ್ಲ. ಕಬ್ಬಿಣ ಕರಗಿಸುವುದು ದಕ್ಷಿಣ ಭಾರತಕ್ಕೆ ಅದಕ್ಕೂ ಮೊದಲೇ ಗೊತ್ತಿತ್ತು.

ಇಳಿಮುಖ, ಮರುನಿರ್ಮಾಣ

ಪೋರ್ಚುಗೀಸರು ಬಂದ ಮೇಲೆ ದೊಡ್ಡ ಹಡಗುಗಳಲ್ಲಿ ಮೊಳೆ ಹೆಚ್ಚಿತು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯಿಂದ ಬೀಸುವ ಪರ್ಸೀನ್ ಬಲೆ ಬಂದ ಬಳಿಕ ರಾಂಪಣಿಯೂ ಹಿಂದೆ ಸರಿಯಿತು.

ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಹೊಲಿದ ನೌಕಾಪಡೆಯ ‘ಕೌಂಡಿನ್ಯ’ 2025ರ ಮೇ 21ರಂದು ಕಾರವಾರದಲ್ಲಿ ಸೇವೆಗೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡವಿದೆ. ಚಿತ್ರದಿಂದ ದೊರೆತದ್ದು ಆಕಾರ ಮಾತ್ರ; ಹೊಲಿಗೆಯ ಕ್ರಮ ಬಂದದ್ದು ಬಾಬು ಶಂಕರನ್ ನೇತೃತ್ವದ ಕೇರಳದ ಕುಶಲಕರ್ಮಿಗಳಿಂದ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು 2026ರ ಜನವರಿಯಲ್ಲಿ ಮಸ್ಕತ್ ತಲುಪಿತು.