ತಿಥಿಯುಳ್ಳ ಅತಿಥಿಗಳು

ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರದಲ್ಲಿ ಕಡಲಂಚಿಗೆ ಹೊಂದಿಕೊಂಡು ಒಂದು ವಿಶಾಲವಾದ ವಿಹಾರಪಥವಿದೆ. ಅದರ ಹೆಸರಿನ ಅರ್ಥ 'ಇಂಗ್ಲಿಷರ ದಾರಿ' ಎಂದು. 1820ರ ಆಸುಪಾಸಿನ ಒಂದು ಕಡುಚಳಿಯಲ್ಲಿ ಕಿತ್ತಳೆಯ ತೋಟಗಳು ಹಾಳಾಗಿ ಬಡವರಿಗೆ ಕೂಲಿಯಿಲ್ಲದೆ ಹೋದಾಗ, ಚಳಿಗಾಲ ಕಳೆಯಲು ಅಲ್ಲಿಗೆ ಬಂದಿದ್ದ ಇಂಗ್ಲಿಷರು ಹಣ ಕೂಡಿಸಿ ಆ ಜನರಿಂದಲೇ ಈ ದಾರಿಯನ್ನು ಹಾಕಿಸಿದರು. ಆಗ ನೀಸ್ ಫ್ರಾನ್ಸಿನದಾಗಿರಲಿಲ್ಲ, ಸಾರ್ಡೀನಿಯದ ಅರಸನದಾಗಿತ್ತು. ಬಂದವರಿಗೆ ಅದರ ಗೊಡವೆಯೂ ಇರಲಿಲ್ಲ. ಬಿಸಿಲಿತ್ತು, ಅಷ್ಟು ಸಾಕಾಗಿತ್ತು.

ಚಳಿಗೆ ಅಂಜಿ ದಕ್ಷಿಣಕ್ಕೆ ಇಳಿಯುವ ಈ ಪದ್ಧತಿ ಅದಕ್ಕೂ ಹಿಂದಿನದು. ಕಾದಂಬರಿಕಾರ ಸ್ಮಾಲೆಟ್ ಎದೆಯ ಬೇನೆಯಿಂದ ನರಳುತ್ತ 1763ರಲ್ಲಿ ಇಂಗ್ಲೆಂಡು ಬಿಟ್ಟು ನೀಸಿನಲ್ಲಿ ನೆಲೆನಿಂತ. 1766ರಲ್ಲಿ ಅವನ ಪ್ರವಾಸದ ಪತ್ರಗಳು ಅಚ್ಚಾದ ಮೇಲೆ ಆ ಊರಿನ ಹವೆಯ ಕೀರ್ತಿ ಅವನ ನಾಡಿನಲ್ಲೆಲ್ಲ ಹಬ್ಬಿತು. 1834ರಲ್ಲಿ ಇಂಗ್ಲೆಂಡಿನ ಮಾಜಿ ಲಾರ್ಡ್ ಛಾನ್ಸಲರ್ ಬ್ರೂಹ್ಯಾಮ್ ಅದೇ ದಿಕ್ಕಿಗೆ ಹೊರಟವನು ಕಾಲರಾ ನಿರ್ಬಂಧದಿಂದ ಗಡಿಯಲ್ಲಿ ತಡೆಯಲ್ಪಟ್ಟು, ಕಾನ್ ಎಂಬ ಬೆಸ್ತರ ಹಳ್ಳಿಯಲ್ಲಿ ಉಳಿದುಕೊಂಡ. ಹಳ್ಳಿ ಹಿಡಿಸಿತು, ಮನೆ ಕಟ್ಟಿಸಿದ, ವರ್ಷ ವರ್ಷವೂ ಬಂದ, 1868ರಲ್ಲಿ ಅಲ್ಲಿಯೇ ತೀರಿಕೊಂಡ. ಪ್ರಭುವೇ, ತಮ್ಮ ನೂರೆಂಬತ್ತು ದಿನಗಳು ಮುಗಿದವು ಎಂದು ಅವನ ಬಾಗಿಲು ತಟ್ಟುವ ಅಧಿಕಾರಿ ಆಗ ಇರಲಿಲ್ಲ.

ಅತಿಥಿ ಎಂಬ ಮಾತಿಗೆ ನಮ್ಮ ಹಿರಿಯರು ತಿಥಿ ಗೊತ್ತುಮಾಡದೆ ಬರುವವನು ಎಂದು ಅರ್ಥ ಹೇಳುತ್ತಿದ್ದರು. ಋತುವನ್ನು ನೋಡಿ ಬಂದು, ಋತು ಮುಗಿಯುವವರೆಗೆ ಒಂದೇ ಊರಿನಲ್ಲಿ ನಿಲ್ಲುವವರೂ ನಮಗೆ ಹೊಸಬರಲ್ಲ. ಮಳೆಗಾಲದಲ್ಲಿ ಚಾತುರ್ಮಾಸ್ಯಕ್ಕೆ ಕೂರುವ ಯತಿಗಳನ್ನು ಕಂಡವರಲ್ಲವೆ ನಾವು? ಅವರು ಊರಿನವರೂ ಅಲ್ಲ, ದಾರಿಹೋಕರೂ ಅಲ್ಲ. ಈ ನಡುವಣ ಸ್ಥಿತಿಗೆ ನಮ್ಮ ಆಚಾರದಲ್ಲಿ ಹೆಸರಿದೆ, ಸ್ಥಾನವಿದೆ. ಇಂದಿನ ರಾಜ್ಯಗಳ ಕಾಯಿದೆಯಲ್ಲಿ ಇಲ್ಲ. ಅಲ್ಲಿ ಒಬ್ಬನು ನಿವಾಸಿಯಾಗಬೇಕು, ಇಲ್ಲವೆ ಪ್ರವಾಸಿಯಾಗಬೇಕು. ಇದರ ತೊಡಕನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಕಾರವಾರವನ್ನು ದಾಟಿದರೆ ಗೋವೆ.

ನೀಸಿಗೆ ಹೋದವರು ಜಮೀನಿನ ಆದಾಯದವರು. ಗೋವೆಗೆ ಬರುವ ಇಂಗ್ಲಿಷ್ ಮುದುಕ ಹಾಗಲ್ಲ. ದುಡಿದು ದಣಿದ ಸಾಮಾನ್ಯನಿಗೆ ಮುಪ್ಪಿನಲ್ಲಿ ಸರ್ಕಾರವೇ ಹಣ ಕೊಡಬೇಕೆಂಬ ಕಾಯಿದೆ ಬ್ರಿಟನ್ನಿನಲ್ಲಿ ಆದದ್ದು 1908ರಲ್ಲಿ. ಮರುವರ್ಷದ ಜನವರಿಯಿಂದ, ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗು. ಆ ಹಣದಲ್ಲಿ ಯಾರೂ ಹಡಗು ಹತ್ತಲಿಲ್ಲ, ನಿಜ. ಆದರೆ ದುಡಿಮೆ ಬಿಟ್ಟ ಮೇಲೂ ಹಲವು ವರ್ಷಗಳ ಬಿಡುವಿನ ಬಾಳು ಉಂಟೆಂಬ ನಂಬಿಕೆಗೆ ಅದು ಬೀಜವಾಯಿತು. ಗೋವೆ 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಆ ದಶಕದ ಕೊನೆಗೆ ಕಲಂಗುಟೆ, ಅಂಜುನಾಗಳಿಗೆ ಹಿಪ್ಪಿಗಳು ಬಂದರು. 1980ರ ದಶಕದಲ್ಲಿ ಯೂರೋಪಿನಿಂದ ಗುತ್ತಿಗೆಯ ವಿಮಾನಗಳು ನೇರವಾಗಿ ದಾಬೋಳಿಮ್‌ಗೆ ಇಳಿಯತೊಡಗಿದವು. ಎರಡು ವಾರಕ್ಕೆಂದು ಬಂದ ದಂಪತಿಗಳು ನಿವೃತ್ತರಾದ ಮೇಲೆ ಕಾಂದೋಳಿಮ್, ಬಾಣಾವಲಿಗಳಲ್ಲಿ ಬಾಡಿಗೆಮನೆ ಹಿಡಿದು ಅಕ್ಟೋಬರಿನಿಂದ ಮಾರ್ಚಿನವರೆಗೆ ಉಳಿಯುವವರಾದರು. ಬೇಸಗೆಯ ಸೆಕೆಗೆ ಹೆದರಿ ಉದಕಮಂಡಲಕ್ಕೆ ಏರುತ್ತಿದ್ದ ಜನಾಂಗ ಈಗ ಬಿಸಿಲನ್ನು ಅರಸಿಕೊಂಡು ಬರುತ್ತಿದೆ. ಕಾಲದ ಚೇಷ್ಟೆ!

1984ರವರೆಗೆ ಬ್ರಿಟಿಷ್ ಪ್ರಜೆಗೆ ಭಾರತಕ್ಕೆ ಬರಲು ವೀಸಾ ಬೇಕಾಗಿರಲಿಲ್ಲ. ಅನಂತರ ಬಂದ ಪ್ರವಾಸಿ ವೀಸಾ ಒಂದು ಸಲಕ್ಕೆ ಅವನಿಗೆ ಹೆಚ್ಚೆಂದರೆ 180 ದಿನಗಳನ್ನು ಕೊಡುತ್ತದೆ. ನೆಲ ಕೊಳ್ಳುವುದಕ್ಕೆ ಬೇಕಾದ ನಿವಾಸಿಯೆಂಬ ಪಟ್ಟಕ್ಕೆ 1999ರ ವಿದೇಶಿ ವಿನಿಮಯ ಕಾಯಿದೆ ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನಗಳಿಗಿಂತ ಹೆಚ್ಚಿನ ವಾಸವನ್ನು ಕೇಳುತ್ತದೆ. ಇರುವ ಉದ್ದೇಶವನ್ನೂ ಕೇಳುತ್ತದೆ. ಈ ಎರಡು ದಿನಗಳ ಕಂದಕದಲ್ಲಿ ಎಷ್ಟೋ ಮನೆಗಳು ಬಿದ್ದವು. ಇಳಿವಯಸ್ಸಿನ ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡಿದ್ದ ಪರದೇಶಿಗಳ ಕಡತಗಳು ಆಮೇಲೆ ತನಿಖೆಗೆ ಬಂದವು. ಅವರ ಸ್ವದೇಶವೂ ಕಡಮೆಯದಲ್ಲ: ಭಾರತದಲ್ಲಿ ಕಾಯಂ ನೆಲೆಸಿದವನ ಸರ್ಕಾರಿ ಪಿಂಚಣಿಯನ್ನು ಬ್ರಿಟನ್ ಮೊದಲಿನ ಮೊತ್ತಕ್ಕೇ ನಿಲ್ಲಿಸಿಬಿಡುತ್ತದೆ, ವರ್ಷಾವಧಿಯ ಏರಿಕೆ ಅವನಿಗಿಲ್ಲ. ಉಚಿತ ಚಿಕಿತ್ಸೆಯ ಹಕ್ಕೂ ಅಲ್ಲಿ ವಾಸವಿರುವವನಿಗೆ ಮಾತ್ರ. ಹೀಗೆ ಎರಡು ರಾಜ್ಯಗಳೂ ಸೇರಿ ಆ ಮುದುಕನನ್ನು ಪ್ರವಾಸಿಯಾಗಿಯೇ ಇರಿಸುತ್ತವೆ. ಅವನೋ, ಗ್ಯಾಸ್ ಒಲೆ, ಪಾತ್ರೆ ಪಡಗಗಳನ್ನು ಮನೆಯೊಡತಿಯ ವಶಕ್ಕೆ ಕೊಟ್ಟು ಹೋಗುವ ಪ್ರವಾಸಿ!

ಈ ಹುಸಿ ಬಯಲಾಗುವುದಕ್ಕೆ ದೂರದಲ್ಲಿ ಯಾವನೋ ಒಬ್ಬನು ಸಿಕ್ಕಿಬಿದ್ದರೆ ಸಾಕಾಯಿತು. ಮುಂಬಯಿಯ ದಾಳಿಗೆ ದಾರಿ ನೋಡಿಕೊಟ್ಟ ಹೆಡ್ಲಿ 2009ರ ಅಕ್ಟೋಬರಿನಲ್ಲಿ ಷಿಕಾಗೊದಲ್ಲಿ ಸೆರೆಯಾದ. ಅವನ ಬಳಿ ಇದ್ದದ್ದು ವ್ಯಾಪಾರದ ವೀಸಾ. ಆದರೂ ಪ್ರವಾಸಿ ವೀಸಾದವರು ಒಮ್ಮೆ ಹೊರಹೋದರೆ ಎರಡು ತಿಂಗಳು ಮರಳಬಾರದೆಂಬ ನಿಯಮ ಬಂದಿತು. ಕ್ರಿಸ್‌ಮಸ್ಸಿಗೆ ಮೊಮ್ಮಕ್ಕಳನ್ನು ನೋಡಿ ಜನವರಿಯಲ್ಲಿ ಹಿಂದಿರುಗುತ್ತಿದ್ದವರಿಗೆ ಅದು ಅಡ್ಡವಾಯಿತು. ನಿಯಮ ಸಡಿಲವಾದದ್ದು 2012ರ ಕೊನೆಗೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ವೀಸಾಗಳೆಲ್ಲ ಅಮಾನತ್ತಾದವು. ಏಪ್ರಿಲಿನಲ್ಲಿ ಬ್ರಿಟನ್ ವಿಶೇಷ ವಿಮಾನಗಳನ್ನು ಕಳಿಸಿ ಗೋವೆಯಿಂದ ತನ್ನವರನ್ನು ಕರೆಸಿಕೊಂಡಿತು. ಇತರ ದೇಶಗಳವರಿಗೆ ಬಾಗಿಲು ತೆರೆದ ಮೇಲೂ ಬ್ರಿಟಿಷರಿಗೆ ವಿದ್ಯುನ್ಮಾನ ವೀಸಾ ಮತ್ತೆ ದೊರೆತದ್ದು 2022ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ, ಅರ್ಜಿದಾರರು ಖುದ್ದಾಗಿ ಹಾಜರಾಗಬೇಕೆಂದು ವಿಧಿಸಿದ್ದರಿಂದ ಊರುಗೋಲಿನವರಿಗೆ ಆದ ಕಷ್ಟವನ್ನು ಊಹಿಸಿಕೊಳ್ಳಬಹುದು.

ಗೋವೆಯವರ ಪಾಲಿಗೆ ಇದು ಬಾಡಿಗೆಯ ಆದಾಯವೂ ಹೌದು, ಊರಿನ ಬೆಲೆಗಳು ಏರಿದ ಸಂಕಟವೂ ಹೌದು. ಅವರ ತರುಣರು ಹಳೆಯ ಆಳ್ವಿಕೆಯ ಬಲದಿಂದ ಪೋರ್ಚುಗಲ್ಲಿನ ಪಾಸ್‌ಪೋರ್ಟು ಪಡೆದು, 2020ರ ಕೊನೆಗೆ ಆ ದಾರಿ ಮುಚ್ಚುವವರೆಗೆ, ಇಂಗ್ಲೆಂಡಿನ ಸ್ವಿಂಡನ್‌ನಂಥ ಊರುಗಳಿಗೆ ದುಡಿಮೆಗೆ ಹೋದರು. ಮುದುಕರು ಇತ್ತ, ಮಕ್ಕಳು ಅತ್ತ.

ಅದೇ ಮರಳಿನ ಮೇಲೆ ಕನ್ನಡ ಬಲ್ಲ ಇನ್ನೊಂದು ಗುಂಪೂ ಇದೆ. ಉತ್ತರ ಕರ್ನಾಟಕದ ಲಂಬಾಣಿ ಹೆಂಗಸರು ಬಟ್ಟೆ, ಮಣಿಸರಗಳ ಗಂಟು ಹೊತ್ತು, ಬಿಸಿಲಿಗೆ ಮೈಯೊಡ್ಡಿ ಮಲಗಿದವರ ಬಳಿ ಕೂತು ಚೌಕಾಸಿ ಮಾಡುತ್ತಾರೆ. ಅವರೂ ಋತುವನ್ನು ನೋಡಿ ಬಂದವರು. ನಾವು ಅದನ್ನು ಗುಳೆ ಎನ್ನುತ್ತೇವೆ. ಅವರಿಗೆ ವೀಸಾ ಬೇಡ. ಆದರೆ ಪ್ರವಾಸಿ ತಾಣಗಳ ರಕ್ಷಣೆಗೆಂದು ಗೋವೆ 2001ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಅಲ್ಲಿ ತಿರುಗಾಡಿ ಮಾರುವುದು ಅಪರಾಧ. ಪೊಲೀಸರನ್ನು ಕಂಡರೆ ಗಂಟು ಕಟ್ಟಿಕೊಂಡು ಏಳಬೇಕು. ಮೇ ತಿಂಗಳು ಮುಗಿಯುವಷ್ಟರಲ್ಲಿ ದಂಡೆಯ ಚಪ್ಪರದ ಅಂಗಡಿಗಳನ್ನು ಬಿಚ್ಚುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಆ ಮರಳಿನ ಮೇಲೆ ಇಬ್ಬರೂ ಇರುವುದಿಲ್ಲ.